ಐಸ್‌ಲ್ಯಾಂಡ್ ಸುತ್ತುವ ಬಸ್ ಪ್ರವಾಸ: ಹಿರಿಯರೊಡನೆ ಹೋಗುವವರು ಪ್ಯಾಕೇಜನ್ನು ಹೇಗೆ ಆರಿಸಬೇಕು?

ಅರವತ್ತು ದಾಟಿದ ತಂದೆ ತಾಯಿಯರನ್ನು ಕರೆದುಕೊಂಡು ಸೆಪ್ಟೆಂಬರಿನಲ್ಲಿ ಐಸ್‌ಲ್ಯಾಂಡಿಗೆ ಹೋಗಬೇಕೆಂದಿದ್ದೀರಿ. ಕಾರನ್ನು ಬಾಡಿಗೆಗೆ ಪಡೆದು ನೀವೇ ಓಡಿಸುವುದೋ ಅಥವಾ ಗೈಡ್ ಇರುವ ಬಸ್ಸಿನಲ್ಲಿ ದ್ವೀಪವನ್ನು ಸುತ್ತುವುದೋ ಎಂಬುದು ನಿಮ್ಮ ಮೊದಲ ಪ್ರಶ್ನೆ. ಪ್ಯಾಕೇಜುಗಳೆಲ್ಲ ಅವೇ ಜಾಗಗಳ ಹೆಸರು ಹೇಳುತ್ತಿರುವಾಗ ಅವುಗಳಲ್ಲಿ ಒಂದನ್ನು ಆರಿಸುವುದು ಹೇಗೆ ಎಂಬುದು ಎರಡನೆಯದು. ನಾನೂ ಹೆತ್ತವರೊಡನೆ ಇಂಥದೇ ಪ್ರವಾಸ ಮಾಡಿರುವುದರಿಂದ ನೇರವಾಗಿ ಹೇಳುತ್ತೇನೆ: ನಿಮ್ಮ ಸಂದರ್ಭಕ್ಕೆ ಬಸ್ಸೇ ಸರಿ, ಮತ್ತು ಪ್ಯಾಕೇಜನ್ನು ಅದು ತೋರಿಸುವ ಜಾಗಗಳ ಪಟ್ಟಿಯಿಂದ ಅಳೆಯದೆ ಪ್ರತಿ ರಾತ್ರಿ ಎಲ್ಲಿ ತಂಗುತ್ತದೆ ಎಂಬುದರಿಂದ ಅಳೆಯಿರಿ.

ಇದಕ್ಕೆ ಕಾರಣ ಆ ದೇಶದ ಭೂಗೋಳದಲ್ಲೇ ಇದೆ. ಐಸ್‌ಲ್ಯಾಂಡಿನ ವಿಸ್ತೀರ್ಣ ಸುಮಾರು 1,03,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆಯಾದರೋ ನಾಲ್ಕು ಲಕ್ಷದ ಆಸುಪಾಸು, ಅವರಲ್ಲೂ ಹೆಚ್ಚಿನವರು ರಾಜಧಾನಿ ರೇಕ್ಯವಿಕ್ ಮತ್ತು ಅದರ ಸುತ್ತಮುತ್ತ ಇದ್ದಾರೆ. ನಡುಭಾಗವೆಲ್ಲ ಹಿಮನದಿ, ಲಾವಾ ಬಯಲು ಮತ್ತು ಕಪ್ಪು ಮರಳಿನ ನಿರ್ಜನ ಪ್ರದೇಶವಾದ್ದರಿಂದ ಊರುಗಳು ಕರಾವಳಿಗೆ ಅಂಟಿಕೊಂಡಿವೆ. ಅವುಗಳನ್ನು ಜೋಡಿಸುವುದು ರಿಂಗ್ ರೋಡ್ ಎಂದು ಕರೆಯುವ ಒಂದನೇ ನಂಬರಿನ ಹೆದ್ದಾರಿ. ಇದರ ಉದ್ದ ಸುಮಾರು 1,322 ಕಿಲೋಮೀಟರ್. ಆಗ್ನೇಯದಲ್ಲಿ ಹಿಮನದಿಗಳಿಂದ ಇಳಿಯುವ ನೀರು ಮರಳಿನ ಮೇಲೆ ಹರಡಿಕೊಂಡು ದಿಕ್ಕು ಬದಲಿಸುತ್ತಲೇ ಇರುವುದರಿಂದ ಅಲ್ಲಿ ರಸ್ತೆ ಹಾಕುವುದು ಬಹುಕಾಲ ಸಾಧ್ಯವಾಗಿರಲಿಲ್ಲ. 1974ರಲ್ಲಿ ಸ್ಕೇದರಾ ನದಿಯ ಸೇತುವೆ ಮುಗಿದ ಮೇಲಷ್ಟೇ ವೃತ್ತ ಪೂರ್ಣವಾಯಿತು. 1996ರಲ್ಲಿ ವತ್ನಾಯೋಕುಲ್ ಹಿಮರಾಶಿಯ ಅಡಿಯಲ್ಲಿ ಜ್ವಾಲಾಮುಖಿ ಸಿಡಿದು, ಕರಗಿ ನಿಂತ ನೀರು ಕೆಲವು ವಾರಗಳ ನಂತರ ಒಮ್ಮೆಗೇ ನುಗ್ಗಿ ಆ ಸೇತುವೆಯ ಒಂದು ಭಾಗವನ್ನು ಕೊಚ್ಚಿಕೊಂಡು ಹೋಯಿತು. ತಿರುಚಿಕೊಂಡ ಉಕ್ಕಿನ ತೊಲೆಗಳನ್ನು ಇಂದಿಗೂ ರಸ್ತೆಯ ಬದಿಯಲ್ಲಿ ಸ್ಮಾರಕವಾಗಿ ಇಟ್ಟಿದ್ದಾರೆ. ಒಳ್ಳೆಯ ಗೈಡ್ ಅಲ್ಲಿ ಬಸ್ ನಿಲ್ಲಿಸುತ್ತಾರೆ.

ಈಗ ರಾತ್ರಿಗಳ ಲೆಕ್ಕಕ್ಕೆ ಬರೋಣ. ರೇಕ್ಯವಿಕ್‌ನಿಂದ ದಕ್ಷಿಣ ತುದಿಯ ವೀಕ್ ಎಂಬ ಊರಿಗೆ 190 ಕಿಲೋಮೀಟರಿನ ಆಸುಪಾಸು, ಅಲ್ಲಿಂದ ಹಿಮಗಡ್ಡೆಗಳು ತೇಲುವ ಯೋಕುಲ್ಸಾರ್ಲೋನ್ ಸರೋವರಕ್ಕೆ ಹೆಚ್ಚುಕಡಿಮೆ ಮತ್ತೆ ಅಷ್ಟೇ ದೂರ. ರೇಕ್ಯವಿಕ್‌ನಲ್ಲಿ ಒಂದೇ ಹೋಟೆಲಿನಲ್ಲಿ ಉಳಿಸಿಕೊಂಡು ದಿನಕ್ಕೊಂದು ದಿಕ್ಕಿಗೆ ಕರೆದೊಯ್ಯುವ ಪ್ಯಾಕೇಜು ಈ ಸರೋವರವನ್ನು ತೋರಿಸಬೇಕಾದರೆ ಒಂದೇ ದಿನದಲ್ಲಿ 750 ಕಿಲೋಮೀಟರ್ ಓಡಬೇಕು. ಪಟ್ಟಿಯಲ್ಲಿ ಅದರ ಹೆಸರು ಇರುತ್ತದೆ, ನಿಮಗೆ ಅಲ್ಲಿ ಸಿಗುವುದು ಒಂದು ಗಂಟೆ. ಆದ್ದರಿಂದ ದಕ್ಷಿಣ ಕರಾವಳಿಯಲ್ಲಿ ಕನಿಷ್ಠ ಎರಡು ರಾತ್ರಿ, ಅಂದರೆ ವೀಕ್ ಅಥವಾ ಅದರ ಹತ್ತಿರ ಒಂದು ಮತ್ತು ಹೋಫ್ನ್ ಕಡೆಗೆ ಒಂದು; ಪೂರ್ವದಲ್ಲಿ ಏಗಿಲ್ಸ್‌ಸ್ಟಾದಿರ್ ಸುತ್ತ ಒಂದು; ಉತ್ತರದಲ್ಲಿ ಮೀವತ್ನ್ ಅಥವಾ ಅಕುರೇರಿಯಲ್ಲಿ ಎರಡು ಇದ್ದರೆ ಅದನ್ನು ನಿಜವಾದ ಸುತ್ತು ಎನ್ನಬಹುದು. ಉತ್ತರಕ್ಕೆ ಒಂದೇ ರಾತ್ರಿ ಕೊಟ್ಟು, ಮರುದಿನ ಅಕುರೇರಿಯಿಂದ ರೇಕ್ಯವಿಕ್‌ವರೆಗಿನ 390 ಕಿಲೋಮೀಟರನ್ನು ಒಂದೇ ಉಸಿರಿನಲ್ಲಿ ದಾಟಿಸುವ ಯೋಜನೆಗಳು ಬಹಳ ಇವೆ. ಹಿರಿಯರಿಗೆ ಅದು ಶಿಕ್ಷೆಯೇ ಸರಿ.

ದಕ್ಷಿಣದ ಜಾಗಗಳು ಎಲ್ಲ ಪ್ಯಾಕೇಜುಗಳಲ್ಲೂ ಇರುವುದರಿಂದ ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭೂಮಿಯ ಎರಡು ಫಲಕಗಳು ವರ್ಷಕ್ಕೆ ಎರಡು ಸೆಂಟಿಮೀಟರಿನಷ್ಟು ದೂರ ಸರಿಯುತ್ತಿರುವ, 930ರಲ್ಲಿ ಆ ದೇಶದ ಮೊದಲ ಜನಸಭೆ ಸೇರಿದ ಥಿಂಗ್‌ವೆಲ್ಲಿರ್. ಕೆಲವೇ ನಿಮಿಷಗಳಿಗೊಮ್ಮೆ ಚಿಮ್ಮುವ ಸ್ಟ್ರೊಕ್ಕೂರ್ ಬುಗ್ಗೆ. ಎರಡು ಹಂತಗಳಲ್ಲಿ 32 ಮೀಟರ್ ಇಳಿಯುವ ಗುಲ್‌ಫಾಸ್ ಜಲಪಾತ: ಇವು ಮೊದಲ ದಿನದ ಊಟ. ಹಿರಿಯರ ವಿಷಯದಲ್ಲಿ ಗಮನಿಸಬೇಕಾದ ಎರಡು ಜಾಗಗಳಿವೆ. ಸೆಲ್ಯಾಲಾಂಡ್ಸ್‌ಫಾಸ್ ಜಲಪಾತದ ಹಿಂಬದಿಯಿಂದ ಸುತ್ತಿ ಬರುವ ಕಾಲುದಾರಿ ಸದಾ ಒದ್ದೆಯಾಗಿ ಜಾರುತ್ತದೆ. ಸ್ಕೋಗಾಫಾಸ್‌ನ ಮೇಲ್ತುದಿಗೆ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಎರಡನ್ನೂ ಕೆಳಗೆ ನಿಂತೇ ನೋಡಿದರೆ ಕಳೆದುಕೊಳ್ಳುವುದು ಹೆಚ್ಚೇನಿಲ್ಲ.

ವೀಕ್ ಬಳಿಯ ರೇನಿಸ್‌ಫ್ಯಾರಾ ಕಡಲತೀರದ ಬಗ್ಗೆ ಮಾತ್ರ ಸ್ಪಷ್ಟವಾಗಿ ಎಚ್ಚರಿಸುತ್ತೇನೆ. ಅಲ್ಲಿನ ಕಪ್ಪು ಮರಳೂ ಕಂಬಗಳಂತೆ ಜೋಡಿಸಿಟ್ಟ ಬಸಾಲ್ಟ್ ಬಂಡೆಗಳೂ ಫೋಟೋಗಳಲ್ಲಿ ಎಷ್ಟು ಆಕರ್ಷಕವೋ ಅಲೆಗಳು ಅಷ್ಟೇ ಅಪಾಯಕಾರಿ. ಶಾಂತವಾಗಿ ಕಾಣುವ ಸಮುದ್ರದಿಂದ ಒಂದು ಅಲೆ ಇದ್ದಕ್ಕಿದ್ದಂತೆ ಬಹಳ ಮುಂದಕ್ಕೆ ಬಂದು ಜನರನ್ನು ಎಳೆದುಕೊಂಡು ಹೋದ ಘಟನೆಗಳಲ್ಲಿ ಪ್ರವಾಸಿಗರು ಸತ್ತಿದ್ದಾರೆ. ಅಲ್ಲಿ ಎಚ್ಚರಿಕೆಯ ದೀಪಗಳನ್ನು ಹಾಕಿದ್ದಾರೆ, ಕೆಂಪು ಇದ್ದರೆ ತೀರಕ್ಕೆ ಇಳಿಯಬಾರದು. ಅಂದಹಾಗೆ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪವನ್ನು ನಿಮ್ಮ ತಂದೆಯವರು ನೋಡಿದ್ದರೆ ಈ ಕಂಬಗಳು ಅವರಿಗೆ ಪರಿಚಿತವೆನಿಸುತ್ತವೆ. ಅಲ್ಲಿನ ಶಿಲೆಯ ಬಗೆ ಬೇರೆ, ವಯಸ್ಸಂತೂ ಕೋಟ್ಯಂತರ ವರ್ಷ ಹೆಚ್ಚು, ಆದರೆ ಲಾವಾ ತಣಿಯುತ್ತ ಕುಗ್ಗುವಾಗ ಬಿರುಕುಗಳು ಹಲವು ಮುಖದ ಕಂಬಗಳಾಗಿ ಆಳಕ್ಕೆ ಇಳಿಯುವ ಕ್ರಿಯೆ ಎರಡೂ ಕಡೆ ಒಂದೇ.

ಗೈಡ್‌ಗೆ ಕೊಡುವ ಹಣ ಎಲ್ಲಿ ಸಾರ್ಥಕವಾಗುತ್ತದೆ ಎಂಬುದಕ್ಕೆ ನನಗೆ ನೆನಪಾಗುವುದು ಪ್ರಸಿದ್ಧ ಜಲಪಾತಗಳಲ್ಲ, ವೀಕ್ ದಾಟಿದ ಮೇಲೆ ಬರುವ ಪಾಚಿಯ ಬಯಲು. ರಸ್ತೆಯ ಎರಡೂ ಬದಿಗೆ ಮೈಲಿಗಟ್ಟಲೆ ಹಸಿರು ಬೂದಿಬಣ್ಣದ ಉಬ್ಬುತಗ್ಗು. ಸ್ವಂತ ಕಾರಿನಲ್ಲಿದ್ದರೆ ಹತ್ತು ನಿಮಿಷದಲ್ಲಿ ದಾಟಿ ಮರೆತುಬಿಡುತ್ತೀರಿ. ಅದು 1783ರ ಜೂನ್‌ನಿಂದ ಎಂಟು ತಿಂಗಳು ಲಾಕಿ ಬಿರುಕುಗಳಿಂದ ಹರಿದ ಲಾವಾ. ಲಾವಾಕ್ಕಿಂತ ಘೋರವಾದದ್ದು ಅದರೊಂದಿಗೆ ಹೊರಬಂದ ಅನಿಲ: ಹುಲ್ಲು ವಿಷವಾಯಿತು, ದನ ಕುರಿಗಳು ಸತ್ತವು, ನಂತರದ ಕ್ಷಾಮದಲ್ಲಿ ದೇಶದ ಜನರಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಇಲ್ಲವಾದರು. ಒಂದು ಕಾಲದಲ್ಲಿ ಇಲ್ಲಿ ಬೇಸಾಯಗಾರರ ಮನೆಗಳಿದ್ದವು ಎಂದು ಗೈಡ್ ಹೇಳಿದಾಗ ಬಸ್ಸಿನಲ್ಲಿದ್ದ ಎಲ್ಲರೂ ಕಿಟಕಿಯ ಕಡೆ ತಿರುಗಿದ್ದರು. ಈ ಪಾಚಿಯ ಮೇಲೆ ಕಾಲಿಡಬಾರದು. ಒಮ್ಮೆ ಕಿತ್ತರೆ ಮತ್ತೆ ಬೆಳೆಯಲು ದಶಕಗಳು ಬೇಕು.

ಪೂರ್ವದ ಫ್ಯೋರ್ಡ್‌ಗಳ ದಾರಿಯಲ್ಲಿ ರಸ್ತೆ ಪ್ರತಿಯೊಂದು ಕೊಲ್ಲಿಯ ಒಳತುದಿಯವರೆಗೆ ಹೋಗಿ ಮತ್ತೆ ಹೊರಬರುವುದರಿಂದ ಹೋಫ್ನ್‌ನಿಂದ ಏಗಿಲ್ಸ್‌ಸ್ಟಾದಿರ್‌ವರೆಗಿನ ದಿನ ನಕ್ಷೆಯಲ್ಲಿ ಕಾಣುವುದಕ್ಕಿಂತ ಉದ್ದವಾಗುತ್ತದೆ. ಹೆಸರಾಂತ ಜಾಗ ಒಂದೂ ಇಲ್ಲದ ಆ ದಿನವೇ ನನ್ನ ತಾಯಿಗೆ ಎಲ್ಲಕ್ಕಿಂತ ಇಷ್ಟವಾಯಿತು. ಉತ್ತರಕ್ಕೆ ತಿರುಗಿದ ಮೇಲೆ ಭೂಮಿಯ ಬಣ್ಣವೇ ಬೇರೆ. 44 ಮೀಟರ್ ಎತ್ತರ ಮತ್ತು 100 ಮೀಟರ್ ಅಗಲದ ಡೆಟ್ಟಿಫಾಸ್‌ನಲ್ಲಿ ಹಿಮನದಿಯ ಹೂಳಿನಿಂದ ಬೂದಿಬಣ್ಣವಾದ ನೀರು ಬೀಳುತ್ತದೆ. ವಾಹನ ನಿಲ್ಲುವ ಜಾಗದಿಂದ ಒಂದು ಕಿಲೋಮೀಟರಿನಷ್ಟು ಕಲ್ಲುದಾರಿಯಲ್ಲಿ ನಡೆಯಬೇಕು. ಮೀವತ್ನ್ ಬಳಿಯ ಹ್ವೆರಿರ್‌ನಲ್ಲಿ ಕೆಸರು ಕೊತಕೊತ ಕುದಿಯುತ್ತದೆ, ಗಂಧಕದ ವಾಸನೆ ಬಟ್ಟೆಗೆ ಹಿಡಿಯುತ್ತದೆ. ಗುರುತು ಹಾಕಿದ ಹಗ್ಗದ ಆಚೆಗೆ ನೆಲ ಗಟ್ಟಿಯಾಗಿ ಕಂಡರೂ ಕೆಳಗೆ ಟೊಳ್ಳಿರಬಹುದು. ಅದರ ಪಕ್ಕದ ಕ್ರಾಫ್ಲಾದಲ್ಲಿ 1975ರಿಂದ 1984ರವರೆಗೆ ಬಿಟ್ಟು ಬಿಟ್ಟು ಲಾವಾ ಹರಿದ ಕಪ್ಪು ಬಯಲಿದೆ, ಅಲ್ಲೇ ನೆಲದ ಉಗಿಯಿಂದ ವಿದ್ಯುತ್ ತಯಾರಿಸುವ ಸ್ಥಾವರವೂ ಇದೆ. ಸೆಪ್ಟೆಂಬರಿನಲ್ಲಿ ಬೇಸಾಯಗಾರರು ಬೇಸಿಗೆಯಿಡೀ ಬೆಟ್ಟದಲ್ಲಿ ಬಿಟ್ಟಿದ್ದ ಕುರಿಗಳನ್ನು ಅಟ್ಟಿಕೊಂಡು ಬಂದು ಊರ ದೊಡ್ಡಿಯಲ್ಲಿ ಬೇರ್ಪಡಿಸುತ್ತಾರೆ. ಅದು ದಾರಿಯಲ್ಲಿ ಸಿಕ್ಕರೆ ಗೈಡ್ ವೇಳಾಪಟ್ಟಿಯನ್ನು ಸ್ವಲ್ಪ ಮುರಿದಾದರೂ ನಿಲ್ಲಿಸಲಿ ಎಂದು ಕೇಳಿಕೊಳ್ಳಿ. ನನ್ನ ಮಟ್ಟಿಗೆ ಎರಡು ಜಲಪಾತ ಬಿಟ್ಟರೂ ಇದನ್ನು ಬಿಡಬಾರದು.

ಕಾರು ಏಕೆ ಬೇಡ ಎನ್ನುತ್ತೇನೆಂದರೆ, ಬಲಬದಿಯ ಸಂಚಾರವೊಂದೇ ಸಮಸ್ಯೆಯಲ್ಲ. ಟಾರು ರಸ್ತೆಯಲ್ಲಿ ವೇಗದ ಮಿತಿ 90 ಕಿಲೋಮೀಟರ್, ಸಂಚಾರ ಕಡಿಮೆ, ಹೀಗಾಗಿ ಮೊದಲ ದಿನ ಸುಲಭವೆನಿಸುತ್ತದೆ. ಕಷ್ಟ ಬರುವುದು ಗಾಳಿಯಿಂದ. ಬೆಟ್ಟದ ಸಂದುಗಳಿಂದ ಇಳಿಯುವ ಗಾಳಿ ವಾಹನವನ್ನು ಪಕ್ಕಕ್ಕೆ ತಳ್ಳುತ್ತದೆ, ತೆರೆದ ಬಾಗಿಲನ್ನು ಕೀಲಿನಿಂದಲೇ ತಿರುಗಿಸುತ್ತದೆ; ದಕ್ಷಿಣದ ಮರಳು ಬಯಲುಗಳಲ್ಲಿ ಅದೇ ಗಾಳಿ ಮರಳೆಬ್ಬಿಸಿ ಕಾರಿನ ಬಣ್ಣ ಕೆರೆದುಹಾಕುತ್ತದೆ, ಅದಕ್ಕೆಂದೇ ಅಲ್ಲಿ ಮರಳು ಮತ್ತು ಬೂದಿಯ ವಿಮೆಯನ್ನು ಪ್ರತ್ಯೇಕವಾಗಿ ಮಾರುತ್ತಾರೆ. ಜೊತೆಗೆ ಒಂದೇ ವಾಹನ ಹಿಡಿಯುವ ಕಿರುಸೇತುವೆಗಳು, ಹಠಾತ್ತನೆ ಮುಚ್ಚುವ ರಸ್ತೆಗಳು. ಬೆಳಿಗ್ಗೆ ಹವಾಮಾನ ಮತ್ತು ರಸ್ತೆಯ ಸ್ಥಿತಿ ನೋಡಿ ದಿನದ ಕ್ರಮವನ್ನು ತಿರುವು ಮುರುವು ಮಾಡುವ ಕೆಲಸವನ್ನು ಅಲ್ಲಿನವರಿಗೆ ಬಿಟ್ಟು, ನೀವು ಹೆತ್ತವರ ಪಕ್ಕದಲ್ಲಿ ಕುಳಿತುಕೊಳ್ಳುವುದು ಮೇಲು. ಸ್ವಾತಂತ್ರ್ಯ ಕಡಿಮೆಯಾಗುತ್ತದೆ ಎಂಬುದು ನಿಜ. ಇಷ್ಟವಾದ ಕಡೆ ಅರ್ಧ ಗಂಟೆ ಹೆಚ್ಚು ನಿಲ್ಲುವಂತಿಲ್ಲ. ಮೂವತ್ತರ ಹರೆಯದ ಇಬ್ಬರು ಈ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರ ಬೇರೆಯಾಗಿರುತ್ತಿತ್ತು.

ಬಸ್ಸಿನ ಗಾತ್ರವನ್ನು ಕೇಳಿ ತಿಳಿದುಕೊಳ್ಳಿ. ಹದಿನೈದು ಇಪ್ಪತ್ತು ಜನರ ಸಣ್ಣ ಬಸ್ಸಿನಲ್ಲಿ ಚಾಲಕರೇ ಗೈಡ್ ಆಗಿರುತ್ತಾರೆ, ಇಳಿದು ಹತ್ತುವುದು ಬೇಗ ಆಗುತ್ತದೆ, ಶೌಚಾಲಯಕ್ಕೆ ನಿಲ್ಲಿಸಿ ಎನ್ನಲು ಹಿರಿಯರಿಗೆ ಸಂಕೋಚವಾಗುವುದಿಲ್ಲ. ಐವತ್ತು ಜನರ ಬಸ್ಸಿನಲ್ಲಿ ಪ್ರತಿ ನಿಲುಗಡೆಯ ಕಾಲು ಭಾಗ ಎಣಿಕೆಯಲ್ಲೇ ಹೋಗುತ್ತದೆ. ಯುರೋಪಿನ ನಿಯಮದಂತೆ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷದ ವಿರಾಮ ತೆಗೆದುಕೊಳ್ಳಲೇಬೇಕು ಮತ್ತು ದಿನಕ್ಕೆ ಓಡಿಸುವ ಅವಧಿ ಸಾಮಾನ್ಯವಾಗಿ ಒಂಬತ್ತು ಗಂಟೆ ಮೀರಬಾರದು. ಆದ್ದರಿಂದ ವಿರಾಮದ ವಿಷಯದಲ್ಲಿ ಅವರೊಡನೆ ವಾದಕ್ಕಿಳಿಯಬೇಡಿ. ಬೆಂಗಳೂರಿನ ಏಜೆಂಟರ ಮೂಲಕ ಕಾದಿರಿಸುವುದಾದರೆ, ನೆಲದ ಮೇಲೆ ಬಸ್ ಓಡಿಸುವ ಸಂಸ್ಥೆ ಯಾವುದು, ಅದಕ್ಕೆ ಐಸ್‌ಲ್ಯಾಂಡಿನ ಪ್ರವಾಸೋದ್ಯಮ ಮಂಡಳಿಯ ಪರವಾನಗಿ ಇದೆಯೇ ಎಂದು ಲಿಖಿತವಾಗಿ ಕೇಳಿ.

ಕರಪತ್ರದ ಚಿತ್ರಗಳನ್ನು ನಂಬುವ ಮೊದಲು ತಿಂಗಳನ್ನು ನೋಡಿ. ಕೆಂಪು ಕೊಕ್ಕಿನ ಪಫಿನ್ ಹಕ್ಕಿಗಳು ಆಗಸ್ಟ್ ಕಳೆಯುವಷ್ಟರಲ್ಲಿ ಸಮುದ್ರಕ್ಕೆ ಹೊರಟುಹೋಗಿರುತ್ತವೆ, ಆದ್ದರಿಂದ ಸೆಪ್ಟೆಂಬರಿನಲ್ಲಿ ಅವನ್ನು ನಿರೀಕ್ಷಿಸಬೇಡಿ. ಹಿಮನದಿಯೊಳಗಿನ ನೀಲಿ ಗುಹೆಗಳು ಚಳಿಗಾಲದ ವಿಷಯ. 2024ರ ಆಗಸ್ಟಿನಲ್ಲಿ ವತ್ನಾಯೋಕುಲ್‌ನ ಒಂದು ಕವಲಿನಲ್ಲಿ ಮಂಜುಗಡ್ಡೆ ಕುಸಿದು ಪ್ರವಾಸಿಯೊಬ್ಬರು ಸತ್ತದ್ದರಿಂದ, ಬೆಚ್ಚಗಿನ ತಿಂಗಳುಗಳಲ್ಲಿ ಅಂಥ ಗುಹೆ ತೋರಿಸುತ್ತೇವೆ ಎನ್ನುವವರನ್ನು ನಾನಂತೂ ಹಿಂಬಾಲಿಸುವುದಿಲ್ಲ. ಹೂಸಾವಿಕ್‌ನಿಂದ ತಿಮಿಂಗಿಲ ನೋಡುವ ದೋಣಿ, ಯೋಕುಲ್ಸಾರ್ಲೋನ್‌ನ ದೋಣಿ ಎರಡೂ ಆಗ ನಡೆಯುತ್ತಿರುತ್ತವೆ, ಆದರೆ ಅವು ಪ್ಯಾಕೇಜಿನ ಬೆಲೆಯಲ್ಲಿ ಸೇರಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಸೆಪ್ಟೆಂಬರಿನ ದೊಡ್ಡ ಲಾಭವೆಂದರೆ ರಾತ್ರಿ ಮತ್ತೆ ಕತ್ತಲಾಗುತ್ತದೆ. ಮೋಡವಿಲ್ಲದಿದ್ದರೆ ಆಕಾಶದಲ್ಲಿ ಬಣ್ಣದ ತೆರೆಗಳಂತೆ ಆಡುವ ಉತ್ತರದ ಬೆಳಕು (ಅರೋರಾ) ಕಾಣಬಹುದು. ತಂಗುವ ಜಾಗ ಊರಿನ ದೀಪಗಳಿಂದ ದೂರವಿದ್ದರೆ ಹೋಟೆಲಿನ ಬಾಗಿಲಲ್ಲೇ ನಿಂತು ನೋಡಬಹುದು, ಹಲವು ಹೋಟೆಲುಗಳಲ್ಲಿ ಹೆಸರು ಬರೆಸಿದವರನ್ನು ಎಬ್ಬಿಸುತ್ತಾರೆ ಕೂಡ.

ನೀವು ಸಸ್ಯಾಹಾರಿಗಳು ಎಂದು ಬರೆದಿದ್ದೀರಿ. ಬೆಳಗಿನ ತಿಂಡಿಗೆ ಬ್ರೆಡ್, ಹಣ್ಣು, ಗಟ್ಟಿ ಮೊಸರಿನಂಥ ಸ್ಕಿರ್ ಎಲ್ಲೆಡೆ ಸಿಗುತ್ತವೆ. ರಾತ್ರಿಯ ಊಟಕ್ಕೆ ಸಣ್ಣ ಊರುಗಳಲ್ಲಿ ಕುರಿ ಮಾಂಸ ಮತ್ತು ಮೀನೇ ಮುಖ್ಯ. ತರಕಾರಿ ಸೂಪ್ ಎಂದು ಕೊಟ್ಟದ್ದನ್ನೂ ಮಾಂಸದ ಸಾರಿನಲ್ಲಿ ಮಾಡಿದ್ದಾರೆಯೇ ಎಂದು ಕೇಳಬೇಕು. ಚಟ್ನಿಪುಡಿ, ಒಗ್ಗರಣೆ ಹಾಕಿದ ಅವಲಕ್ಕಿ, ಕಡಕ್ ರೊಟ್ಟಿ ಜೊತೆಯಲ್ಲಿರಲಿ. ನಲ್ಲಿಯ ತಣ್ಣೀರು ಕುಡಿಯಲು ಉತ್ತಮ, ಬಿಸಿನೀರಿಗೆ ಮಾತ್ರ ಹಲವು ಕಡೆ ಗಂಧಕದ ವಾಸನೆ ಇರುತ್ತದೆ. ಬಿಸಿನೀರಿನ ಕೊಳಗಳಿಗೆ ಇಳಿಯುವ ಮೊದಲು ಬಟ್ಟೆಯಿಲ್ಲದೆ ಸೋಪು ಹಚ್ಚಿ ಸ್ನಾನ ಮಾಡಬೇಕೆಂಬ ನಿಯಮವಿದೆ. ಇದನ್ನು ಹೆತ್ತವರಿಗೆ ಊರಲ್ಲೇ ತಿಳಿಸಿಬಿಡಿ.

ಜ್ವಾಲಾಮುಖಿಯ ಭಯದ ಬಗ್ಗೆಯೂ ಕೇಳಿದ್ದೀರಿ. 2010ರಲ್ಲಿ ಏಯಾಫ್ಯಾಟ್ಲಾಯೋಕುಲ್ ಸಿಡಿದಾಗ ಶಿಲಾರಸಕ್ಕೆ ಹಿಮದ ನೀರು ತಾಗಿ ನುಣ್ಣನೆಯ ಬೂದಿ ಎದ್ದದ್ದರಿಂದ ಯುರೋಪಿನ ವಿಮಾನಗಳು ನಿಂತವು. 2021ರಿಂದ ರೇಕ್ಯಾನೆಸ್ ಪರ್ಯಾಯದ್ವೀಪದಲ್ಲಿ ಆಗುತ್ತಿರುವುದು ಬೇರೆ ಬಗೆಯದು. ಬಿರುಕಿನಿಂದ ಲಾವಾ ಹರಿಯುತ್ತದೆ, ಬೂದಿ ಕಡಿಮೆ. ಗ್ರಿಂದಾವಿಕ್ ಎಂಬ ಊರನ್ನು 2023ರ ನವೆಂಬರಿನಲ್ಲಿ ತೆರವು ಮಾಡಿಸಿದರೂ ಅದೇ ಪರ್ಯಾಯದ್ವೀಪದ ಕೆಫ್ಲಾವಿಕ್ ವಿಮಾನ ನಿಲ್ದಾಣ ಕೆಲಸ ಮಾಡುತ್ತಲೇ ಇತ್ತು. ರಿಂಗ್ ರೋಡ್ ಸುತ್ತುವವರಿಗೆ ಇದು ಬದಲಿಸುವುದು ಹೆಚ್ಚೆಂದರೆ ಅಲ್ಲಿನ ಬ್ಲೂ ಲಗೂನ್ ಎಂಬ ಬಿಸಿನೀರಿನ ಕೊಳದ ಭೇಟಿಯನ್ನು.

ಕಾಗದಪತ್ರಗಳ ವಿಷಯ ಚಿಕ್ಕದು. ಷೆಂಗೆನ್ ವೀಸಾ ಬೇಕು, ಅರ್ಜಿಯನ್ನು ಆರು ತಿಂಗಳ ಮೊದಲಿನಿಂದ ಹಾಕಬಹುದು, ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಬಸ್ ಪ್ರವಾಸ ಮುಗಿಯುವ ಸಂಜೆಯೇ ಹಿಂದಿರುಗುವ ವಿಮಾನ ಹಿಡಿಯುವಂತೆ ಟಿಕೆಟ್ ಮಾಡಿಸಬೇಡಿ. ಗಾಳಿಗೆ ಉತ್ತರದ ಘಟ್ಟದ ರಸ್ತೆ ಮುಚ್ಚಿದರೆ ಬಸ್ಸು ಅರ್ಧ ದಿನ ತಡವಾಗುವುದು ಸಾಮಾನ್ಯ, ಆದ್ದರಿಂದ ರೇಕ್ಯವಿಕ್‌ನಲ್ಲಿ ಒಂದು ರಾತ್ರಿ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ನಿಮ್ಮ ಕೈಯಲ್ಲಿರುವ ಪ್ಯಾಕೇಜುಗಳ ರಾತ್ರಿ ತಂಗುವ ಊರುಗಳನ್ನು ಇಲ್ಲಿ ಕೆಳಗೆ ಬರೆದರೆ ಯಾವುದು ನಿಮ್ಮ ಹೆತ್ತವರಿಗೆ ಹಗುರ ಎಂದು ಹೇಳಬಲ್ಲೆ.