ಪಿಡಿಎಫ್ ತಾಣಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುವ ಬದಲು

ನೀವು ಕೇಳಿದ್ದು ಇಷ್ಟು ತಾನೇ: ಕುಂಬಳೆಯಲ್ಲಿ ಸಣ್ಣ ಜೆರಾಕ್ಸ್ ಅಂಗಡಿ ಉಂಟು, ಆನ್‌ಲೈನ್ ಪಿಡಿಎಫ್ ತಾಣವೊಂದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟಿ ಸಾಕಾಗಿದೆ, ಅಂಥದ್ದೊಂದನ್ನು ನಾವೇ ಪುಕ್ಕಟೆಯಾಗಿ ಮಾಡಿಕೊಳ್ಳಬಹುದಾ? ಮಾಡಬಹುದು ಮಾರಾಯ್ರೇ. ಬದಿಯಡ್ಕದ ನಮ್ಮ ಅಂಗಡಿಗೆ ನಾನು ಮಾಡಿಕೊಂಡಿದ್ದೇನೆ. ಆದರೆ ಆ ತಾಣದಲ್ಲಿ ಇರುವುದನ್ನೆಲ್ಲ ಮಾಡಲು ಹೊರಡಬೇಡಿ. ನಮ್ಮ ಗಿರಾಕಿಗಳಿಗೆ ಬೇಕಾದದ್ದು ಮೂರೇ ಕೆಲಸ. ಹಾಳೆ ಜೋಡಿಸಬೇಕು, ಅರ್ಜಿಯ ಪೋರ್ಟಲ್ ತೆಗೆದುಕೊಳ್ಳುವಷ್ಟಕ್ಕೆ ಸೈಜ್ ಇಳಿಸಬೇಕು, ಹಾಳೆಯ ಮೇಲೆ ಹೆಸರೋ ತಾರೀಕೋ ಹಾಕಬೇಕು. ಉಳಿದ ಬಟನ್‌ಗಳನ್ನು ಯಾರೂ ಒತ್ತುವುದಿಲ್ಲ.

ಹೆಚ್ಚಿನ ತಾಣಗಳಲ್ಲಿ ನಿಮ್ಮ ಫೈಲ್ ಅವರ ಸರ್ವರ್‌ಗೆ ಹೋಗಿ, ಅಲ್ಲಿ ಕೆಲಸ ಮುಗಿಸಿಕೊಂಡು ವಾಪಸ್ ಬರುತ್ತದೆ. ಆ ಸರ್ವರ್ ಸಾಕುವುದಕ್ಕೇ ದುಡ್ಡು ಬೇಕು. ಅದೇ ಕೆಲಸವನ್ನು ಬ್ರೌಸರ್ ಒಳಗೇ ಮಾಡಿಸಿದರೆ ಸರ್ವರ್ ಖರ್ಚಿನ ಮಾತೇ ಇಲ್ಲ, ಜನರ ಆಧಾರ್, ರೇಷನ್ ಕಾರ್ಡ್, ಭೂತೆರಿಗೆ ರಶೀದಿ ಯಾವುದೂ ಅಂಗಡಿ ಬಿಟ್ಟು ಹೊರಗೆ ಹೋಗುವುದಿಲ್ಲ. ನನಗೆ ಈ ಎರಡನೆಯದೇ ದೊಡ್ಡದು. ಈ ಕೆಲಸ ಮಾಡುವ ವೆಬ್ ಪುಟಗಳನ್ನು ಗಿಟ್‌ಹಬ್ ಪೇಜಸ್ ಎಂಬ, ವೆಬ್ ಪುಟ ಇಡಲು ಜಾಗ ಕೊಡುವ ಸೇವೆಯಲ್ಲಿ ಇಟ್ಟಿದ್ದೇನೆ, ಅಲ್ಲಿ 1 ಜಿಬಿವರೆಗೆ ಇಡಲು ದುಡ್ಡು ಕೊಡಬೇಕಿಲ್ಲ. ಸರ್ವಿಸ್ ವರ್ಕರ್ (ಪುಟವನ್ನು ಬ್ರೌಸರ್‌ನಲ್ಲೇ ಉಳಿಸಿಡುವ ಸಣ್ಣ ಕೋಡ್) ಹಾಕಿದರೆ ಒಮ್ಮೆ ತೆರೆದ ಪುಟ ನೆಟ್ ಇಲ್ಲದೆಯೂ ಓಡುತ್ತದೆ. ಜುಲೈ ಮಳೆಯಲ್ಲಿ ನಮ್ಮ ಕಡೆ ನೆಟ್ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ?

ಜೋಡಿಸಲು ಪಿಡಿಎಫ್-ಲಿಬ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ (ಬ್ರೌಸರ್‌ನಲ್ಲಿ ಓಡುವ ಸಿದ್ಧ ಕೋಡ್) ಸಾಕು, ಎಂಐಟಿ ಲೈಸೆನ್ಸ್, ಅಂದರೆ ಪುಕ್ಕಟೆಯಾಗಿ ಬಳಸಬಹುದು. ಸೈಜ್ ಇಳಿಸಲು ಮಾತ್ರ ಅದೊಂದೇ ಸಾಲದು, ಒಳಗಿನ ಫೋಟೋಗಳನ್ನು ಅದು ಕುಗ್ಗಿಸುವುದಿಲ್ಲ. ಅದಕ್ಕೆ ಮೊಝಿಲ್ಲಾದ ಪಿಡಿಎಫ್.ಜೆಎಸ್ ತೆಗೆದುಕೊಳ್ಳಿ, ಫೈರ್‌ಫಾಕ್ಸ್ ಪಿಡಿಎಫ್ ತೋರಿಸುವುದು ಅದರಿಂದಲೇ. ಸ್ಕ್ಯಾನ್ ಮಾಡಿದ ಪ್ರತಿ ಹಾಳೆಯನ್ನು ಅದರಲ್ಲಿ ಕ್ಯಾನ್ವಾಸ್ (ಬ್ರೌಸರ್ ಒಳಗೆ ಚಿತ್ರ ಬಿಡಿಸುವ ಜಾಗ) ಮೇಲೆ ಬಿಡಿಸಿ, ಜೆಪೆಗ್ ಚಿತ್ರ ಮಾಡಿ, ಪಿಡಿಎಫ್-ಲಿಬ್‌ನಿಂದ ಮತ್ತೆ ಹೊಸ ಪಿಡಿಎಫ್‌ಗೆ ಸೇರಿಸಿ. ಎ4 ಹಾಳೆಗೆ 1240 x 1754 ಪಿಕ್ಸೆಲ್, ಅಂದರೆ 150 ಡಿಪಿಐ (ಇಂಚಿಗೆ 150 ಚುಕ್ಕೆ), ಓದಲು ಧಾರಾಳ.

ಕಷ್ಟ ಬಂದದ್ದು ಕನ್ನಡ ಬರೆಯುವಾಗ. ಪಿಡಿಎಫ್‌ಗೆ ಹುಟ್ಟಿನಿಂದ ಬಂದ 14 ಫಾಂಟ್‌ಗಳಲ್ಲಿ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಫಾಂಟ್ ನಾವೇ ಸೇರಿಸಬಹುದು, ಆದರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ ಅಂತ ನೆಚ್ಚಿಕೊಳ್ಳಲು ಆಗುವುದಿಲ್ಲ. ಅದಕ್ಕೆ ನಾನು ಅಕ್ಷರವನ್ನು ಮೊದಲು ಕ್ಯಾನ್ವಾಸ್ ಮೇಲೆ ಬರೆಸುತ್ತೇನೆ, ಒತ್ತು ಕೂರಿಸುವ ಕೆಲಸ ಬ್ರೌಸರೇ ಮಾಡುತ್ತದೆ, ಆಮೇಲೆ ಅದನ್ನು ಚಿತ್ರವಾಗಿ ಹಾಳೆಯ ಮೇಲೆ ಅಂಟಿಸುವುದು. ಕಾಪಿ ಮಾಡಲು, ಹುಡುಕಲು ಬರುವುದಿಲ್ಲ ನಿಜ. ಪ್ರಿಂಟ್ ತೆಗೆದು ಆಫೀಸಿಗೆ ಕೊಡುವವರಿಗೆ ಅದು ಯಾಕೆ ಬೇಕು, ಅಲ್ವಾ?

ಪಿಡಿಎಫ್‌ನಿಂದ ವರ್ಡ್ ಮಾಡುವುದಕ್ಕೆ ನಾನು ಕೈ ಹಾಕಿಲ್ಲ, ನೀವೂ ಹಾಕಬೇಡಿ. ಯಾವ ಅಕ್ಷರ ಎಲ್ಲಿ ಕೂರಬೇಕು ಅನ್ನುವುದಷ್ಟೇ ಸಾಮಾನ್ಯವಾಗಿ ಪಿಡಿಎಫ್‌ನಲ್ಲಿ ಇರುತ್ತದೆ, ಪ್ಯಾರಾ ಎಲ್ಲಿ ಶುರು ಅಂತ ಅದಕ್ಕೆ ಗೊತ್ತಿಲ್ಲ. ಅದರಲ್ಲೂ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ‘ನುಡಿ’ ಫಾಂಟಿನ ಫೈಲ್ ಆದರೆ ಕಾಪಿ ಮಾಡಿದಾಗ ಬರೀ ಕಸ ಬರುತ್ತದೆ. ಅಂಥ ಗಿರಾಕಿ ಬಂದರೆ ಹೊಸದಾಗಿ ಟೈಪ್ ಮಾಡಿ ಕೊಟ್ಟು ಚಾರ್ಜ್ ತೆಗೆದುಕೊಳ್ಳಿ.

ಇನ್ನು ನಿಮ್ಮಲ್ಲಿ ಹಾಳೆ ಜೋಡಿಸುವ ಕೆಲಸವೇ ಜಾಸ್ತಿ ಅಂತಾದರೆ ಕೋಡ್ ಬರೆಯುವ ತಲೆನೋವೂ ಬೇಡ. ಪಿಡಿಎಫ್ ಅರೇಂಜರ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಳ್ಳಿ, ವಿಂಡೋಸ್‌ನಲ್ಲೂ ಓಡುತ್ತದೆ, ಲಿನಕ್ಸ್‌ನಲ್ಲೂ ಓಡುತ್ತದೆ.