ಆಯಾಸವಿಲ್ಲದಿದ್ದರೂ ಎಂಆರ್‌ಐ ಏಕೆ?

ಪ್ರಶ್ನೆ: ನನ್ನ ಮಗಳಿಗೆ 17 ವರ್ಷ. ಹುಟ್ಟಿನಿಂದಲೇ ಇದ್ದ ಟೆಟ್ರಾಲಜಿ ಆಫ್ ಫ್ಯಾಲೋ ಎಂಬ ಹೃದಯದೋಷಕ್ಕೆ (ಹೃದಯದ ಗೋಡೆಯಲ್ಲಿ ರಂಧ್ರ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು) 2ನೇ ವಯಸ್ಸಿನಲ್ಲಿ ಆಪರೇಷನ್ ಆಗಿದೆ. ಈಗಿನ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಪಲ್ಮನರಿ ವಾಲ್ವ್ (ಶ್ವಾಸಕೋಶದ ದಾರಿಯ ಕವಾಟ) ಪೂರ್ತಿ ಸೋರುತ್ತಿದೆ, ಬಲ ಹೃತ್ಕುಕ್ಷಿ (ಶ್ವಾಸಕೋಶಕ್ಕೆ ರಕ್ತ ದೂಡುವ ಕೋಣೆ) ಹಿಗ್ಗಿದೆ ಎಂದಿದೆ. ಅವಳಿಗೆ ಆಯಾಸವೇನೂ ಇಲ್ಲ. ಆದರೂ ಎಂಆರ್‌ಐ ಬೇಕೇ? ಬುದ್ಧಿಹಲ್ಲು ತೆಗೆಸಲು ಪೂರ್ಣ ಅರಿವಳಿಕೆ ಕೊಡಬಹುದೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಎಂಆರ್‌ಐ ಬೇಕು. ಹಲ್ಲಿನ ಕೆಲಸ ತುರ್ತಲ್ಲದಿದ್ದರೆ ಅದಕ್ಕೂ ಮೊದಲೇ ಮಾಡಿಸಿ. ಬಲ ಹೃತ್ಕುಕ್ಷಿ ಎದೆಮೂಳೆಯ ಹಿಂದೆ ಅಡಗಿದೆ, ಆಕಾರವೂ ಸರಳವಲ್ಲ. ಎಕೋದಲ್ಲಿ ಅದರ ಗಾತ್ರ ಕರಾರುವಾಕ್ಕಾಗಿ ಸಿಗುವುದಿಲ್ಲ.

ಮೊದಲ ಆಪರೇಷನ್‌ನಲ್ಲಿ ಶ್ವಾಸಕೋಶದ ಇಕ್ಕಟ್ಟಾದ ದಾರಿಯನ್ನು ಅಗಲಿಸಲು ವಾಲ್ವಿನ ಬುಡದವರೆಗೂ ಸೀಳಿ ತೇಪೆ ಹಾಕಿದ್ದರೆ, ಶ್ವಾಸಕೋಶದತ್ತ ಹೋದ ರಕ್ತದಲ್ಲಿ ಒಂದು ಪಾಲು ಪ್ರತಿ ಬಡಿತಕ್ಕೂ ವಾಪಸು ಬರುತ್ತದೆ. ಅದನ್ನು ಹಿಡಿಸಿಕೊಳ್ಳಲು ಹೃತ್ಕುಕ್ಷಿ ಹಿಗ್ಗುತ್ತದೆ. ಎಷ್ಟೋ ವರ್ಷ ಇದನ್ನು ತಾಳಿಕೊಳ್ಳುತ್ತದೆ ಕೂಡ. ಆದ್ದರಿಂದ ‘ಆಯಾಸವಿಲ್ಲ’ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ; ಇಂಥ ಮಕ್ಕಳು ಗೊತ್ತಿಲ್ಲದೆಯೇ ಓಡಾಟ ತಗ್ಗಿಸಿಕೊಂಡಿರುತ್ತಾರೆ. ಉಸಿರಿನ ಆಮ್ಲಜನಕ ಅಳೆಯುವ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ನಿಜ ಗೊತ್ತಾಗುತ್ತದೆ.

ಎಂಆರ್‌ಐಯಲ್ಲಿ ಎರಡು ಅಂಕಿ ನೋಡಿ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ, ತುಂಬಿದಾಗಿನ ಗಾತ್ರ 160 ಮಿ.ಲೀ. ಅಥವಾ ಕುಗ್ಗಿದಾಗಿನ ಗಾತ್ರ 80 ಮಿ.ಲೀ. ಮುಟ್ಟಿದರೆ ಹೊಸ ವಾಲ್ವಿನ ಚರ್ಚೆ ಶುರುವಾಗಬೇಕು. ತೀರಾ ತಡವಾದರೆ ವಾಲ್ವ್ ಹಾಕಿದ ಮೇಲೂ ಹೃತ್ಕುಕ್ಷಿ ಮೊದಲಿನ ಗಾತ್ರಕ್ಕೆ ಮರಳದು. ಎಡ, ಬಲ ಶ್ವಾಸಕೋಶಗಳ ರಕ್ತನಾಳ ಕಿರಿದಾಗಿದೆಯೇ ಎಂದೂ ಕೇಳಿ, ಕಿರಿದಾಗಿದ್ದರೆ ಸೋರಿಕೆ ಹೆಚ್ಚುತ್ತದೆ. ಇಸಿಜಿಯಲ್ಲಿ ಕ್ಯೂಆರ್‌ಎಸ್ (ಹೃತ್ಕುಕ್ಷಿಗಳಿಗೆ ವಿದ್ಯುತ್ ಸಂದೇಶ ಹರಡಲು ಹಿಡಿಯುವ ಸಮಯ) 180 ಮಿಲಿಸೆಕೆಂಡ್ ತಲುಪಿದ್ದರೆ ಅಪಾಯಕಾರಿ ಬಡಿತದ ಭಯವಿದೆ.

ಇನ್ನು ಅರಿವಳಿಕೆ. ಸ್ಥಳೀಯ ಅರಿವಳಿಕೆಯಲ್ಲಿ ಹಲ್ಲು ತೆಗೆಯಲು ಸಾಧ್ಯವಾದರೆ ಅದೇ ಲೇಸು. ನಾವೇ ಉಸಿರೆಳೆದಾಗ ಎದೆಯೊಳಗಿನ ಒತ್ತಡ ಇಳಿದು ರಕ್ತ ಬಲ ಹೃದಯಕ್ಕೆ ಸುಲಭವಾಗಿ ಬರುತ್ತದೆ. ಪೂರ್ಣ ಅರಿವಳಿಕೆಯಲ್ಲಿ ಉಸಿರಾಟದ ಯಂತ್ರವಾದ ವೆಂಟಿಲೇಟರ್ ಗಾಳಿಯನ್ನು ಒಳಕ್ಕೆ ತಳ್ಳುವುದರಿಂದ ಬರುವ ರಕ್ತ ಕಡಿಮೆಯಾಗುತ್ತದೆ. ಶ್ವಾಸಕೋಶ ಅತಿಯಾಗಿ ಉಬ್ಬಿದರೆ ಅದರ ಸೂಕ್ಷ್ಮ ರಕ್ತನಾಳಗಳು ಅದುಮಿಹೋಗಿ ಬಲ ಹೃದಯದ ಹೊರೆಯೂ ಸೋರಿಕೆಯೂ ಏರುತ್ತವೆ. ಹಾಗೆಂದು ಗಾಳಿಯ ಒತ್ತಡವನ್ನು ತೀರಾ ಇಳಿಸುವಂತೆಯೂ ಇಲ್ಲ. ಶ್ವಾಸಕೋಶದ ಭಾಗಗಳು ಮುದುಡಿ, ಆಮ್ಲಜನಕ ಕುಸಿದು, ಇಂಗಾಲದ ಡೈಆಕ್ಸೈಡ್ ಏರಿದರೆ ಅದೇ ರಕ್ತನಾಳಗಳು ಬಿಗಿಯುತ್ತವೆ. ಅದಕ್ಕೇ ಪ್ರತಿ ಉಸಿರಿಗೆ ದೇಹತೂಕದ ಕಿಲೋಗೆ 6ರಿಂದ 8 ಮಿ.ಲೀ. ಗಾಳಿ, ಉಸಿರು ಬಿಟ್ಟ ಕೊನೆಯಲ್ಲಿ ಸುಮಾರು 5 ಸೆಂ.ಮೀ. ನೀರಿನಷ್ಟು ಒತ್ತಡ, ಎಚ್ಚರವಾದ ಕೂಡಲೇ ಸ್ವಂತ ಉಸಿರು ಎಂಬ ಲೆಕ್ಕ ಸಾಮಾನ್ಯವಾಗಿ ಹೊಂದುತ್ತದೆ.

ಹುಟ್ಟು ಹೃದ್ರೋಗ ಬಲ್ಲ ಅರಿವಳಿಕೆ ತಜ್ಞರಿರುವ ಆಸ್ಪತ್ರೆಯಲ್ಲೇ ಮಾಡಿಸಿ. ಹಳೆಯ ಆಪರೇಷನ್ ಟಿಪ್ಪಣಿ, ಎಕೋ, ಇಸಿಜಿ ಒಯ್ಯಿರಿ. ದೇಹ ಒಣಗಿದರೆ ಬಲ ಹೃದಯಕ್ಕೆ ರಕ್ತ ಇನ್ನೂ ಕಡಿಮೆಯಾಗುತ್ತದೆ, ಹಾಗಾಗಿ ಅರಿವಳಿಕೆಗೆ ಮುನ್ನ ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದೆಂದು ಮೊದಲೇ ಕೇಳಿಕೊಳ್ಳಿ. ಹಲ್ಲು ತೆಗೆಯುವ ಮುನ್ನ ಆಂಟಿಬಯೋಟಿಕ್ ಬೇಕೇ ಎಂಬುದನ್ನು ಹೃದ್ರೋಗ ತಜ್ಞರು ಹೇಳಲಿ. ಕೃತಕ ವಾಲ್ವ್ ಇದ್ದರೆ ಖಂಡಿತ ಬೇಕು.

ಈ ನಡುವೆ ಎದೆ ಡವಡವ ಹೊಡೆದುಕೊಂಡರೆ ಅಥವಾ ಅವಳು ತಲೆಸುತ್ತಿ ಬಿದ್ದರೆ ಯಾವ ತಾರೀಕಿಗೂ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.