ಮೊದಲ ಹೊಂಡ ತುಂಬಲಿ

ಪ್ರಿಯ ಲೇಖಕಿಗೆ,

ದುರ್ಗದ ಏಳು ಸುತ್ತಿನ ಕೋಟೆಗೆ ಏಳು ಭಾಗ ಎಂದುಕೊಂಡು, ಹದಿಹರೆಯದವರಿಗಾಗಿ ನೀವು ಬರೆದ ಮಾಯಾಲೋಕದ ಕಾದಂಬರಿಯ ಮೊದಲ ಭಾಗ ತಲುಪಿತು. 212 ಪುಟಗಳನ್ನು ಎರಡು ರಾತ್ರಿ ಕೂತು ಓದಿದೆ. ಭಾಷೆ ಸರಾಗವಾಗಿದೆ. ಸಿಡಿಮದ್ದು ಬೀಸುವ ಕಲ್ಲುಗಳು ನಡುರಾತ್ರಿ ತಾವೇ ತಿರುಗುವ ಅಧ್ಯಾಯ ಚೆನ್ನಾಗಿದೆ. ಆದರೆ ಓದಿ ಮುಗಿಸಿದಾಗ ನನಗೆ ಸಿಟ್ಟು ಬಂತು.

12ನೇ ಪುಟದಲ್ಲಿ ಹುಡುಗಿ ಅಜ್ಜಿಯ ಟ್ರಂಕಿನಲ್ಲಿ ಏನಿದೆ ಎಂದು ಕೇಳುತ್ತಾಳೆ. ಅಜ್ಜಿ, "ಸಮಯ ಬಂದಾಗ ನಿನಗೇ ತಿಳಿಯುತ್ತದೆ" ಅನ್ನುತ್ತಾಳೆ. 97ನೇ ಪುಟದಲ್ಲಿ ಕೋಟೆಯ ಕಾವಲುಗಾರ ಅದನ್ನೇ ಹೇಳುತ್ತಾನೆ. 160ರಲ್ಲಿ ಮಾತಾಡುವ ಗೂಬೆಯದೂ ಅದೇ ಮಾತು. ದುರ್ಗದ ಯಾವ ಅಜ್ಜಿ ಹೀಗೆ ಮಾತಾಡುತ್ತಾಳೆ? ಹೇಳಲು ಮನಸ್ಸಿಲ್ಲದಿದ್ದರೆ, "ಅದೆಲ್ಲ ನಿನಗ್ಯಾಕವ್ವ, ಬಾ ಉಣ್ಣು" ಅಂದಾಳು. ಈ ಮೂವರೂ ಬಾಯಿ ಮುಚ್ಚಿಕೊಂಡಿರುವುದು ತಮ್ಮ ಕಾರಣಕ್ಕಲ್ಲ, ನಿಮ್ಮ ಎರಡನೇ ಭಾಗಕ್ಕಾಗಿ. ಕೊನೆಯ ಸಾಲು: "ಬಾಗಿಲು ತೆರೆಯಿತು." ಅಷ್ಟೇ. ಒಳಗೇನಿದೆ ಎಂದು ತಿಳಿಯಲು ಓದುವ ಹುಡುಗರು ಇನ್ನೊಂದು ವರ್ಷ ಕಾಯಬೇಕೆ?

ನಿಮ್ಮ ನಾಯಕಿ ಓಬವ್ವನ ಕಿಂಡಿಯ ಮುಂದೆ ಮೂರು ಪುಟ ನಿಲ್ಲುತ್ತಾಳೆ. ಆ ಓಬವ್ವನ ಕಥೆಯನ್ನೇ ನೋಡಿ. ಗಂಡ ಉಣ್ಣಲು ಕೂತಿದ್ದಾಗ ನೀರಿಗೆ ಹೋದವಳು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದನ್ನು ಕಂಡಳು, ಒನಕೆ ಹಿಡಿದಳು. ಒಂದು ಊಟದ ಹೊತ್ತಿನಲ್ಲಿ ಎಲ್ಲ ನಡೆದುಹೋಯಿತು.

ನಾನು ದಾವಣಗೆರೆಯ ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದಲು ಸೇರಿದ್ದ ಕಾಲ. ಆಗ ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ಧಾರಾವಾಹಿಯ ಮೊದಲ ಕಂತು ಬರೆದು ಸಂಪಾದಕರ ಮೇಜಿನ ಮೇಲಿಟ್ಟೆ. ಓದಿ, "ಇದ್ರಾಗೆ ಏನಾತಪ್ಪ?" ಅಂದರು. ಮುಂದಿನ ಹತ್ತು ಕಂತುಗಳ ಕಥೆಯನ್ನೆಲ್ಲ ಉಸಿರು ಬಿಡದೆ ಹೇಳಿದೆ. "ಆಗೋದನ್ನ ಕೇಳ್ಲಿಲ್ಲ, ಆಗಿದ್ದನ್ನ ಕೇಳಿದೆ" ಅಂದು ಹಾಳೆ ವಾಪಸು ಕೊಟ್ಟರು. ಮಂಡಿಪೇಟೆಯ ಉದ್ದಕ್ಕೂ ಕಣ್ಣೊರೆಸಿಕೊಳ್ಳುತ್ತ ನಡೆದಿದ್ದೆ. ಆ ಕಂತನ್ನು ನಾಲ್ಕು ಸಲ ತಿದ್ದಿದೆ. ಐದನೆಯ ಸಲ, ಹತ್ತನೇ ಕಂತಿಗೆಂದು ಕಾದಿಟ್ಟಿದ್ದ ಸಾವನ್ನು ಮೊದಲ ಕಂತಿಗೇ ತಂದೆ. ಆಗ ಅವರು ಏನೂ ಕೇಳದೆ ಮೊಳೆ ಜೋಡಿಸುವವರ ಕೈಗೆ ಕೊಟ್ಟರು.

ಮಳೆಗಾಲದಲ್ಲಿ ಒಮ್ಮೆ ಕೋಟೆ ಹತ್ತಿ. ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ದ ಮೇಲೇ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುವುದು. ನಿಮ್ಮ ಮೇಲಿನ ಹೊಂಡದಲ್ಲಿ ನೀರೇ ನಿಂತಿಲ್ಲ, ಕೆಳಗಿನ ಆರನ್ನು ಆಗಲೇ ತೋಡಿಟ್ಟಿದ್ದೀರಿ.

ಉಳಿದ ಆರು ಭಾಗಗಳ ಟಿಪ್ಪಣಿಯನ್ನು ಸದ್ಯಕ್ಕೆ ಎತ್ತಿಡಿ. ಅಜ್ಜಿಯ ಟ್ರಂಕನ್ನು 12ನೇ ಪುಟದಲ್ಲೇ ತೆರೆಯಿರಿ. ಅದರೊಳಗೆ ಏನು ಸಿಕ್ಕಿತೆಂದು ಬರೆದು ಆ ಅಧ್ಯಾಯವೊಂದನ್ನೇ ಕಳಿಸಿ. ಬಂದ ದಿನವೇ ಓದುತ್ತೇನೆ.